ಜಾರ್ಜ್ ಮುಲ್ಲರ್ ಮನೆಯಲ್ಲಿ ಹೇಗಿದ್ದರು?

ಕೂತ್ಕೊಳ್ಳಿ. ಹಿಂದೆ ನಿಂತಿರೋರು ಮುಂದೆ ಬನ್ನಿ, ಕುರ್ಚಿ ಖಾಲಿ ಇದೆ.

ಮಾರ್ಚ್ 10 ಜಾರ್ಜ್ ಮುಲ್ಲರ್ ತೀರಿಕೊಂಡ ದಿನ. 1898ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ, 92ನೇ ವಯಸ್ಸಿನಲ್ಲಿ. ಈ ವಾರ ನಿಮ್ಮಲ್ಲಿ ಕೆಲವರು ಅವರ ಫೋಟೋ ಸ್ಟೇಟಸ್ ಹಾಕಿದ್ರಿ, ನೋಡಿದೆ. ಎಲ್ಲರೂ ಹಾಕಿದ್ದು ಒಂದೇ ಕಥೆ: ಅನಾಥಾಲಯದಲ್ಲಿ ರೊಟ್ಟಿ ಇಲ್ಲ, ಪ್ರಾರ್ಥನೆ ಮಾಡಿದ್ರು, ಬಾಗಿಲು ತಟ್ಟಿದ ಶಬ್ದ ಬಂತು. ನಾನೂ ಆ ಕಥೆಯನ್ನ ಹತ್ತಾರು ಸಲ ಹೇಳಿದ್ದೀನಿ. ಇವತ್ತು ಅದು ಬೇಡ. ಇವತ್ತು ಬೇರೆ ಪ್ರಶ್ನೆ: ಈ ಮನುಷ್ಯ ಮನೆಯಲ್ಲಿ ಹೇಗಿದ್ರು?

ಈ ಪ್ರಶ್ನೆ ನನಗೆ ಯಾಕೆ ಬಂತು ಅಂತ ಮೊದಲು ಒಪ್ಪಿಕೊಂಡುಬಿಡ್ತೀನಿ. 2020ರ ಲಾಕ್‌ಡೌನ್ ಸಮಯದಲ್ಲಿ ನಮ್ಮ ತಂಡ ರೇಷನ್ ಕಿಟ್ ಹಂಚುತ್ತಿತ್ತು. ಬೆಳಿಗ್ಗೆ ಹೊರಟರೆ ರಾತ್ರಿ ಬರ್ತಿದ್ದೆ. ಒಂದು ಸಂಜೆ ಸಭೆಯ ವಾಟ್ಸಾಪ್ ಗುಂಪಿಗೆ ಒಂದು ಪ್ರಾರ್ಥನಾ ವಿನಂತಿ ಬಂತು: ಮೂರು ದಿನದಿಂದ ಜ್ವರ, ಪ್ರಾರ್ಥಿಸಿ ಅಂತ. ಅಕ್ಕಿ ಮೂಟೆ ಇಳಿಸ್ತಾ ಇದ್ದವನು ಒಂದು ಕೈಯಲ್ಲೇ "ಪ್ರಾರ್ಥಿಸುತ್ತೇವೆ ಸಹೋದರಿ" ಅಂತ ಟೈಪ್ ಮಾಡಿ ಕಳಿಸಿದೆ. ಆಮೇಲೆ ಹೆಸರು ನೋಡಿದೆ. ನನ್ನ ಹೆಂಡತಿ.

ನಗ್ತೀರಿ, ನಗಿ. ಅವಳು ನಗಲಿಲ್ಲ.

ಆ ರಾತ್ರಿ ನನಗೆ ನಾನೇ ಕೊಟ್ಟುಕೊಂಡ ಸಮಾಧಾನ ಏನು ಗೊತ್ತಾ? ದೇವರ ದೊಡ್ಡ ಸೇವಕರೆಲ್ಲ ಹೀಗೇ ಇದ್ದಿರಬೇಕು, ಸೇವೆ ಅಂದ್ರೆ ಮನೆಯವರು ಸ್ವಲ್ಪ ತ್ಯಾಗ ಮಾಡಲೇಬೇಕು ಅಂತ. ಅದು ನಿಜವಾ ನೋಡೋಣ ಅಂತಲೇ ಮುಲ್ಲರ್ ಅವರ ಜೀವನವನ್ನ ಮತ್ತೆ ಓದಿದ್ದು.

ಅವರ ಹಿನ್ನೆಲೆ ಬೇಗ ಹೇಳ್ತೀನಿ. 1805ರಲ್ಲಿ ಪ್ರಷ್ಯಾದಲ್ಲಿ ಹುಟ್ಟಿದರು. ತಂದೆ ತೆರಿಗೆ ವಸೂಲಿ ಅಧಿಕಾರಿ. ಮಗ ಆ ಸರ್ಕಾರಿ ಹಣವನ್ನೇ ಕದಿಯುತ್ತಿದ್ದ. ಹೋಟೆಲ್ ಬಿಲ್ ಕಟ್ಟದೆ 16ನೇ ವಯಸ್ಸಿನಲ್ಲಿ ಜೈಲು ಸೇರಿದ. ಇಪ್ಪತ್ತರಲ್ಲಿ ಒಂದು ಮನೆ ಪ್ರಾರ್ಥನಾ ಕೂಟದಲ್ಲಿ ಕರ್ತನು ಅವನನ್ನು ಮುಟ್ಟಿದನು. ಇಂಗ್ಲೆಂಡಿಗೆ ಬಂದು, 1830ರಲ್ಲಿ ಮೇರಿ ಗ್ರೋವ್ಸ್ ಎಂಬಾಕೆಯನ್ನು ಮದುವೆಯಾದರು. ಮುಂದೆ ಭಾರತಕ್ಕೆ ಮಿಷನರಿಯಾಗಿ ಬಂದ ಆಂಥೋನಿ ನಾರಿಸ್ ಗ್ರೋವ್ಸ್ ಅವರ ತಂಗಿ ಈಕೆ.

1832ರಲ್ಲಿ ಮಗಳು ಲಿಡಿಯಾ. ಆಮೇಲೆ ಮಗ ಎಲೈಜಾ. 1835ರ ಜೂನ್‌ನಲ್ಲಿ ಆ ಮಗು ತೀರಿಹೋಯಿತು. ಒಂದು ವರ್ಷ ಮೂರು ತಿಂಗಳು ಅಷ್ಟೇ ವಯಸ್ಸು. 1836ರ ಏಪ್ರಿಲ್‌ನಲ್ಲಿ ವಿಲ್ಸನ್ ಸ್ಟ್ರೀಟಿನ ಬಾಡಿಗೆ ಮನೆಯಲ್ಲಿ ಮೊದಲ ಅನಾಥಾಲಯ ತೆರೆಯಿತು. ಮಗನನ್ನು ಮಣ್ಣು ಮಾಡಿ ಹತ್ತು ತಿಂಗಳು ತುಂಬಿರಲಿಲ್ಲ. ಒಂದರಿಂದ ಇನ್ನೊಂದು ಆಯಿತು ಅಂತ ನಾನು ಹೇಳ್ತಿಲ್ಲ. ಆದರೆ ಬೇರೆಯವರ ಮಕ್ಕಳಿಗೆ ಬಾಗಿಲು ತೆಗೆದ ಆ ಗಂಡ ಹೆಂಡತಿ ತಮ್ಮದೇ ತೊಟ್ಟಿಲು ಖಾಲಿಯಾಗಿದ್ದನ್ನು ಕಂಡವರು, ಅದನ್ನ ಮರೀಬೇಡಿ.

ಕೆಲಸ ಬೆಳೆಯಿತು. 1849ರಲ್ಲಿ ಆಶ್ಲಿ ಡೌನ್ ಗುಡ್ಡದ ಮೇಲೆ ಮೊದಲ ದೊಡ್ಡ ಕಟ್ಟಡ, 1870ರ ಹೊತ್ತಿಗೆ ಐದು. ಸುಮಾರು 2,000 ಮಕ್ಕಳು ಒಂದೇ ಸಲ ಇರಬಹುದಾದಷ್ಟು ಜಾಗ. ಅವರ ಜೀವಮಾನದಲ್ಲಿ 10,000 ಅನಾಥ ಮಕ್ಕಳು ಅಲ್ಲಿ ಬೆಳೆದರು. ಕೈಗೆ ಬಂದ ಹಣ ಹತ್ತು ಲಕ್ಷ ಪೌಂಡಿಗೂ ಹೆಚ್ಚು. ಯಾರ ಹತ್ತಿರವೂ ಬಾಯಿಬಿಟ್ಟು ಕೇಳಲಿಲ್ಲ. (ನಾವು ಕೇಳ್ತೀವಿ, ಕ್ಯೂಆರ್ ಕೋಡ್ ಸ್ಕ್ರೀನ್ ಮೇಲೇ ಇದೆ. ಅದು ತಪ್ಪು ಅಂತ ನನಗೇನೂ ಅನಿಸಲ್ಲ, ಅವರಿಗೆ ಸಿಕ್ಕ ಕರೆ ಬೇರೆ.) ಅವರು ತೀರಿಕೊಂಡಾಗ ಸ್ವಂತ ಆಸ್ತಿ ಅಂತ ಇದ್ದದ್ದು ಸುಮಾರು 170 ಪೌಂಡ್, ಅದರಲ್ಲೂ ಹೆಚ್ಚಿನ ಪಾಲು ಪುಸ್ತಕ, ಮನೆ ಸಾಮಾನು.

ಇಂಥ ಮನುಷ್ಯನಿಗೆ ಮನೆಗೆ ಸಮಯ ಎಲ್ಲಿಂದ ಬರಬೇಕು ಅಂತ ನಾನು ಅಂದುಕೊಂಡಿದ್ದೆ. ಉತ್ತರ ಸಿಕ್ಕಿದ್ದು ಅವರು ಹೆಂಡತಿಯ ಅಂತ್ಯಕ್ರಿಯೆಯಲ್ಲಿ ತಾವೇ ಕೊಟ್ಟ ಪ್ರಸಂಗದಲ್ಲಿ.

ಮೇರಿ ತೀರಿಕೊಂಡದ್ದು 1870ರ ಫೆಬ್ರವರಿ 6, ಒಂದು ಭಾನುವಾರ. ಮದುವೆಯಾಗಿ 39 ವರ್ಷ ದಾಟಿತ್ತು. ಆರಿಸಿಕೊಂಡ ವಚನ ಕೀರ್ತನೆ 119:68, ದೇವರು ಒಳ್ಳೆಯವನು, ಆತನು ಮಾಡುವುದೂ ಒಳ್ಳೆಯದೇ ಅನ್ನೋ ವಚನ. ನೀವೇ ತೆಗೆದು ಓದಿ. ಮೂರು ಮಾತು ಹೇಳಿದರು. ಆಕೆಯನ್ನು ನನಗೆ ಕೊಟ್ಟದ್ದರಲ್ಲಿ ಕರ್ತನು ಒಳ್ಳೆಯವನು. ಇಷ್ಟು ಕಾಲ ನನ್ನ ಜೊತೆ ಉಳಿಸಿದ್ದರಲ್ಲಿ ಒಳ್ಳೆಯವನು. ಈಗ ಕರೆದುಕೊಂಡದ್ದರಲ್ಲೂ ಒಳ್ಳೆಯವನು. ಮೂರನೇ ಮಾತು ಬಾಯಿಂದ ಬರಬೇಕಾದ್ರೆ ಮೊದಲೆರಡನ್ನ ಎಷ್ಟು ಬದುಕಿರಬೇಕು, ಯೋಚನೆ ಮಾಡಿ.

ಅದೇ ಪ್ರಸಂಗದಲ್ಲಿ ಒಂದು ಸಣ್ಣ ವಿಷಯ ಹೇಳ್ತಾರೆ. ಮೇರಿ ಬರೀ ಮನೆಯಲ್ಲಿ ಕೂತವರಲ್ಲ. ಅನಾಥಾಲಯದ ಲೆಕ್ಕದ ಪುಸ್ತಕಗಳನ್ನು ಪರೀಕ್ಷಿಸುತ್ತಿದ್ದವರು, ಬಟ್ಟೆ, ಕಂಬಳಿ ಎಲ್ಲ ನೋಡಿಕೊಳ್ಳುತ್ತಿದ್ದವರು ಅವರೇ. ಮಧ್ಯಾಹ್ನ ಊಟ ಆದಮೇಲೆ, ಎಷ್ಟೇ ಕೆಲಸ ಇದ್ದರೂ, ಮುಲ್ಲರ್ ಆಕೆಯ ಕೋಣೆಗೆ ಹೋಗಿ ಸೋಫಾದ ಮೇಲೆ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡು ಇಪ್ಪತ್ತು ನಿಮಿಷ, ಅರ್ಧ ಗಂಟೆ ಕಳೆಯುತ್ತಿದ್ದರು. ಯಾಕೆ? ಗಂಡ ಪಕ್ಕದಲ್ಲಿ ಕೂರದಿದ್ದರೆ ಆಕೆಯ ಕೈ ಸುಮ್ಮನಿರಲ್ಲ, ವಿಶ್ರಾಂತಿ ತಗೊಳ್ಳಲ್ಲ ಅಂತ ಅವರಿಗೆ ಗೊತ್ತಿತ್ತು.

ಕೆಳಗೆ ನೂರಾರು ಮಕ್ಕಳು. ಮೇಜಿನ ಮೇಲೆ ಉತ್ತರ ಬರೆಯಬೇಕಾದ ಪತ್ರಗಳು. ಇವರು ಸೋಫಾದ ಮೇಲೆ ಹೆಂಡತಿಯ ಕೈ ಹಿಡಿದು ಕೂತಿದ್ದಾರೆ. ನಾನಾಗಿದ್ರೆ ಅದನ್ನ ಸಮಯ ವ್ಯರ್ಥ ಅಂತಿದ್ದೆ. ನಿಜವಾಗಿ ಹೇಳ್ತೀನಿ, ಆ ರೊಟ್ಟಿಯ ಕಥೆಗಿಂತ ಈ ಸೋಫಾ ನನ್ನನ್ನ ಹೆಚ್ಚು ಗದರಿಸಿತು.

ಇನ್ನೊಂದು. 1853ರ ಜೂನ್‌ನಲ್ಲಿ ಲಿಡಿಯಾಗೆ ಜ್ವರ ಬಂತು, ಅದು ಟೈಫಸ್‌ಗೆ ತಿರುಗಿತು. ಇದ್ದ ಒಬ್ಬಳೇ ಮಗಳು, ಇಪ್ಪತ್ತು ವರ್ಷ. ಹಣವಿಲ್ಲದೆ ಎಷ್ಟೋ ದಿನ ಕಳೆದ ಈ ವಿಶ್ವಾಸವೀರ ಆಗ ಬರೆದದ್ದರ ಸಾರ ಇದು: ನನ್ನ ವಿಶ್ವಾಸ ಹಿಂದೆಂದೂ ಹೀಗೆ ಪರೀಕ್ಷೆಗೆ ಒಳಗಾಗಿರಲಿಲ್ಲ. ಮಗಳು ಬದುಕಿದಳು. ಮುಂದೆ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಜೇಮ್ಸ್ ರೈಟ್ ಅವರನ್ನು ಮದುವೆಯಾದಳು. ಮುಲ್ಲರ್ ನಂತರ ಅನಾಥಾಲಯದ ಹೊಣೆ ಹೊತ್ತವರು ಆ ಅಳಿಯನೇ.

ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಮುಲ್ಲರ್ ಅವರ ಪುಸ್ತಕ ಓದಿಯೇ ಧೈರ್ಯ ತಂದುಕೊಂಡರು, ಮುಕ್ತಿ ಮಿಷನ್ ಕಟ್ಟಿದರು. 1905ರಲ್ಲಿ ಅಲ್ಲಿ ಆತ್ಮನು ಇಳಿದುಬಂದದ್ದನ್ನ ನಾವು ಆಗಾಗ ಸಾಕ್ಷಿಯಾಗಿ ಹೇಳ್ತೀವಿ. ಅದರ ಹಿಂದಿನ ಎಳೆ ಹಿಡಿದು ಹೋದರೆ ಬ್ರಿಸ್ಟಲ್ಲಿನ ಆ ಮನೆಯೂ ಸಿಗುತ್ತೆ.

1 ತಿಮೊಥೆ 5:8 ತೆಗೀರಿ. ಸ್ವಂತದವರನ್ನು, ವಿಶೇಷವಾಗಿ ಮನೆಯವರನ್ನು ನೋಡಿಕೊಳ್ಳದವನ ಬಗ್ಗೆ ಪೌಲ ಎಷ್ಟು ಕಠಿಣವಾಗಿ ಬರೀತಾನೆ ನೋಡಿ. ನಾನು ಈ ವಚನವನ್ನ ಯಾವಾಗಲೂ ಸಂಬಳದ ಅರ್ಥದಲ್ಲೇ ಓದ್ತಿದ್ದೆ. ಬಾಡಿಗೆ ಕಟ್ಟಿದ್ದೀನಿ, ಫೀಸ್ ಕಟ್ಟಿದ್ದೀನಿ, ಮುಗೀತು ಅಂತ. ಜ್ವರದಲ್ಲಿ ಮಲಗಿದವಳಿಗೆ ಬೇಕಾಗಿದ್ದು ಬಾಡಿಗೆ ರಸೀದಿ ಅಲ್ಲ.

ನಿಮ್ಮಲ್ಲಿ ಹೆಚ್ಚಿನವರಿಗೆ ಮದುವೆ ಆಗಿಲ್ಲ, ಪಿಜಿಯಲ್ಲಿ ಇದ್ದೀರಿ. "ಪಾಸ್ಟರ್, ಇದು ನಮಗಲ್ಲ" ಅನ್ಬೇಡಿ. ಊರಲ್ಲಿ ಅಮ್ಮ ಇದ್ದಾರೆ. ವೀಕೆಂಡ್ ಪೂರ್ತಿ ಔಟ್‌ರೀಚ್, ವರ್ಷಿಪ್ ಪ್ರಾಕ್ಟೀಸ್ ಅಂತ ಓಡಾಡ್ತೀರಿ, ಸಂತೋಷ. ಅಮ್ಮನ ಫೋನ್ ಬಂದಾಗ "ಆಮೇಲೆ ಮಾಡ್ತೀನಿ" ಅಂತ ಎಷ್ಟು ಸಲ ಕಟ್ ಮಾಡಿದ್ರಿ ಈ ವಾರ? ಕೈ ಎತ್ತೋದು ಬೇಡ.

ಬುಧವಾರದ ಅಧ್ಯಯನಕ್ಕೆ ಕೀರ್ತನೆ 119:65ರಿಂದ 72 ಓದಿಕೊಂಡು ಬನ್ನಿ. ಈಗ ಎದ್ದು ನಿಲ್ಲೋಣ, ಎರಡು ನಿಮಿಷ ಮನೆಯವರ ಹೆಸರು ಹೇಳಿ ಪ್ರಾರ್ಥಿಸೋಣ, ಒಬ್ಬೊಬ್ಬರ ಹೆಸರೂ ಹೇಳಿ. ಕೂಟ ಮುಗಿದ ಮೇಲೆ ಕೌನ್ಸೆಲಿಂಗಿಗೆ ಸಹೋದರರು ಇರ್ತಾರೆ. ನಾನು ಇವತ್ತು ನಿಲ್ಲಲ್ಲ, ಮಧ್ಯಾಹ್ನ ಊಟಕ್ಕೆ ಮನೆಗೆ ಬರ್ತೀನಿ ಅಂತ ಹೇಳಿ ಬಂದಿದ್ದೀನಿ.