ಊರುಗೋಲು ಹಿಡಿದ ಕೈಗೆ ನೋವೇಕೆ?

ಗುದ್ದಲಿಯ ಕಾವು ಗಿಡ್ಡವಾದರೆ ಸೊಂಟ ನೋಯುತ್ತದೆ, ಒರಟಾದರೆ ಅಂಗೈಯಲ್ಲಿ ಬೊಬ್ಬೆ ಏಳುತ್ತದೆ. ಇದು ಪ್ರತಿಯೊಬ್ಬ ರೈತನಿಗೂ ತಿಳಿದ ಸಂಗತಿ. ಆದರೆ ಅದೇ ರೈತನು ಮೊಣಕಾಲು ಸವೆದು ಕೋಲನ್ನೋ ವಾಕರನ್ನೋ ಹಿಡಿದಾಗ ಅದರ ಅಳತೆಯನ್ನು ನೋಡುವವರು ವಿರಳ. ಶಹಾಪುರ ತಾಲ್ಲೂಕಿನ ದೋರನಹಳ್ಳಿಯಂತಹ ಊರುಗಳಲ್ಲಿ ಹಿರಿಯರು ಮನೆಯಿಂದ ಹೊಲದ ಬದುವಿನವರೆಗೆ ಕೋಲಿನ ಆಧಾರದಿಂದಲೇ ನಡೆಯುತ್ತಾರೆ. ಕೈ ನೋವೆಂದು ಕೋಲನ್ನು ಮೂಲೆಗಿಟ್ಟರೆ ಬೀಳುವ ಅಪಾಯ ಹೆಚ್ಚು. ಈ ವಯಸ್ಸಿನಲ್ಲಿ ತೊಡೆಯ ಮೂಳೆ ಮುರಿದರೆ ಹಾಸಿಗೆ ಹಿಡಿಯಬೇಕಾದೀತು.

ನೋವಿಗೆ ಕಾರಣ

ಕಾಲು ಹೊರಬೇಕಾದ ಭಾರದ ಒಂದು ಪಾಲು ಅಂಗೈಯ ಬುಡಕ್ಕೆ ಬೀಳುತ್ತದೆ. ಮಣಿಕಟ್ಟು ಹಿಂದಕ್ಕೆ ಬಾಗಿದ್ದರೆ ಅಲ್ಲಿ ಹಾದುಹೋಗುವ ನರಗಳು ಒತ್ತಲ್ಪಡುತ್ತವೆ. ಆಗ ಬೆರಳುಗಳು ಜೋಮು ಹಿಡಿಯುತ್ತವೆ. ಹಸಿ ಎರೆ ಮಣ್ಣಿನಲ್ಲಿ ವಾಕರಿನ ಕಾಲು ಹೂತು, ಕೀಳಲು ಕೈಗೆ ಇನ್ನಷ್ಟು ಶ್ರಮವಾಗುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಎತ್ತರ: ದಿನಾಲೂ ತೊಡುವ ಮೆಟ್ಟು ಹಾಕಿಕೊಂಡು ನೆಟ್ಟಗೆ ನಿಂತು ಕೈಗಳನ್ನು ಇಳಿಬಿಡಬೇಕು. ಹಿಡಿಯು ಮಣಿಕಟ್ಟಿನ ಗೆರೆಯ ಮಟ್ಟಕ್ಕಿರಬೇಕು. ಹಿಡಿದಾಗ ಮೊಣಕೈ ಸುಮಾರು 15ರಿಂದ 30 ಡಿಗ್ರಿ ಬಾಗಿದ್ದರೆ ಅಳತೆ ಸರಿ. ಮರದ ಕೋಲನ್ನು ರಬ್ಬರ್ ಬುಡ ಸೇರಿಸಿ ಅಳೆದು, ಸ್ವಲ್ಪ ಸ್ವಲ್ಪವಾಗಿ ಕತ್ತರಿಸಬೇಕು. ವಾಕರಿನ ನಾಲ್ಕೂ ಕಾಲುಗಳನ್ನು ಒಂದೇ ತೂತಿಗೆ ಹೊಂದಿಸಬೇಕು.

2. ಹಿಡಿ: ಗಟ್ಟಿ ಹಿಡಿಗೆ ಹಳೆಯ ಹತ್ತಿ ಬಟ್ಟೆಯನ್ನು ಬಿಗಿಯಾಗಿ, ಗಂಟು ಅಂಗೈಗೆ ಒತ್ತದಂತೆ ಸುತ್ತಬೇಕು. ಬೆರಳು ಸುತ್ತುವರಿಯದಷ್ಟು ದಪ್ಪ ಮಾಡಬಾರದು. ಬಟ್ಟೆ ಜಾರದಂತಿರಬೇಕು. ಬೆವರಿನಿಂದ ತೊಯ್ದಾಗ ಬದಲಿಸಬೇಕು.

3. ನಡಿಗೆ: ಕೋಲನ್ನು ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ವಾಕರನ್ನು ಬಹಳ ಮುಂದಕ್ಕೆ ತಳ್ಳದೆ, ಮೊದಲು ವಾಕರ್, ಅನಂತರ ಸೋತ ಕಾಲು, ಕೊನೆಗೆ ಗಟ್ಟಿ ಕಾಲು ಇಡಬೇಕು. ಮಣಿಕಟ್ಟು ನೇರವಾಗಿರಲಿ, ಹಿಡಿತ ಅತಿ ಬಿಗಿ ಬೇಡ.

4. ವಿಶ್ರಾಂತಿ: ದಾರಿಯಲ್ಲಿ ಕಟ್ಟೆ ಸಿಕ್ಕಲ್ಲಿ ಕುಳಿತು ಬೆರಳುಗಳನ್ನು ಮಡಚಿ ಬಿಚ್ಚಬೇಕು.

5. ಬುಡ: ಸವೆದ ರಬ್ಬರನ್ನು ಕೂಡಲೇ ಬದಲಿಸಬೇಕು. ಕೋಲು ಜಾರುವ ಭಯವಿದ್ದರೆ ಹಿಡಿತ ತಾನಾಗಿ ಬಿಗಿಯಾಗುತ್ತದೆ.

ವೈದ್ಯರಿಗೆ ತೋರಿಸುವುದು

ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳಿನಲ್ಲಿ ಅಥವಾ ಕಿರುಬೆರಳಿನ ಕಡೆ ಜೋಮು ಉಳಿದರೆ, ರಾತ್ರಿ ನೋವಿನಿಂದ ಎಚ್ಚರವಾದರೆ, ಕೈಯಿಂದ ವಸ್ತುಗಳು ಜಾರಿ ಬೀಳತೊಡಗಿದರೆ ತಡಮಾಡಬಾರದು. ಸಕ್ಕರೆ ಕಾಯಿಲೆಯುಳ್ಳವರು ಇನ್ನೂ ಜಾಗರೂಕರಾಗಿರಬೇಕು. ಬಡ ಹಿರಿಯ ನಾಗರಿಕರಿಗೆ ಕೋಲು, ವಾಕರ್ ಮುಂತಾದ ಸಾಧನಗಳನ್ನು ಉಚಿತವಾಗಿ ಒದಗಿಸಲು ಕೇಂದ್ರ ಸರ್ಕಾರವು 2017ರಲ್ಲಿ ರಾಷ್ಟ್ರೀಯ ವಯೋಶ್ರೀ ಯೋಜನೆಯನ್ನು ಆರಂಭಿಸಿತು. ಸಾಧನ ಎಲ್ಲಿಂದಲೇ ಬರಲಿ, ಅದರ ಎತ್ತರವನ್ನು ಬಳಸುವವರ ಮೈಗೆ ಹೊಂದಿಸಿಯೇ ಮನೆಗೆ ಒಯ್ಯಬೇಕು.

ರೈತಬಾಂಧವರು ಬಿತ್ತನೆಗೆ ಮುಂಚೆ ಕೂರಿಗೆಯನ್ನು ಪರೀಕ್ಷಿಸುವಂತೆ, ಮನೆಯ ಹಿರಿಯರ ಕೋಲನ್ನೂ ಇಂದೇ ಒಮ್ಮೆ ಅಳೆದು ನೋಡುವುದು ಒಳ್ಳೆಯದು.