ಹಂಚಿನ ಹಿಂಬದಿ ಮತ್ತು ಎರಡು ಒಲೆ

ಪಾಳುಬಿದ್ದ ಮನೆ ಅಂದರೆ ನಮಗೆಲ್ಲ ನೆನಪಾಗೋದು ದೆವ್ವದ ಸಿನಿಮಾ. ಆದರೆ ಸರ್ವೆ ಕ್ಲಾಸಿನಲ್ಲಿ ಟೇಪು ಹಿಡಿದು ಕಾಲೇಜು ಮೈದಾನವನ್ನೇ ಮತ್ತೆ ಮತ್ತೆ ಅಳೆದವರಿಗೆ ಅಂಥ ಮನೆ ಒಳ್ಳೇ ಪಾಠ. ದಸರಾ ರಜೆಯಲ್ಲಿ ಅಪ್ಪನ ಜೊತೆ ಸಾಗರದ ಕಡೆಯ ನಮ್ಮ ಹಳೇ ಮನೆಗೆ ಹೋಗಿದ್ದೆ. ಅಲ್ಲಿ ಒಲೆ ಹೊತ್ತಿ ಹನ್ನೆರಡು ವರ್ಷವಾಯ್ತು.

ಅಂಗಳದಲ್ಲಿ ಬಿದ್ದಿದ್ದ ಹಂಚೊಂದನ್ನು ತಿರುಗಿಸಿದರೆ ಬಾಸೆಲ್ ಮಿಷನ್, 1865 ಅಂತ ಅಚ್ಚು. "ಅಪ್ಪಾ, ಮನೆಗೆ ನೂರೈವತ್ತು ವರ್ಷದ ಮೇಲಾಯ್ತು!" ಅಂತ ಕೂಗಿದೆ. ತಪ್ಪು. ಮಂಗಳೂರಿನ ಜೆಪ್ಪುವಿನಲ್ಲಿ ಆ ಕಾರ್ಖಾನೆ ಶುರುವಾದ ವರ್ಷ 1865. ಎಷ್ಟೋ ವರ್ಷ ಆಮೇಲೆ ಸುಟ್ಟ ಹಂಚಿನ ಮೇಲೂ ಅದೇ ಇಸವಿ ಇರುತ್ತದೆ. ಮೊದಲ ಮಹಾಯುದ್ಧದ ನಂತರ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಯಿತು. ಆ ಹೆಸರಿದ್ದರೆ ಹಂಚು ಯುದ್ಧದ ಈಚಿನದು. ಹಾಗಂತ ಹಂಚಿನ ವಯಸ್ಸೇ ಮನೆಯ ವಯಸ್ಸಲ್ಲ. ಕೊಟ್ಟಿಗೆಯ ಹಿಂದೆ ನಾಡಹಂಚಿನ ರಾಶಿ ಇತ್ತು. ಅಂದರೆ ಮಾಡು ಒಮ್ಮೆ ಬದಲಾಗಿದೆ.

ಮನೆ ಬೀಳೋದು ಹೇಗೆ? ಮಂಗ ಹಾರಿ ಒಂದು ಹಂಚು ಜಾರುತ್ತದೆ. ಜನ ಇದ್ದಾಗ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುತ್ತಿದ್ದರು. ಈಗ ಯಾರೂ ಇಲ್ಲ. ನೀರು ಇಳಿದು ರೀಪು, ಪಕಾಸು ಕೊಳೆಯುತ್ತವೆ, ಆಮೇಲೆ ಮಣ್ಣಿನ ಗೋಡೆಯ ತಲೆ ನೆನೆದು ಕುಸಿಯುತ್ತದೆ. ಇನ್ನೊಂದು ವಿಷಯ ನನಗೆ ಹೊಳೆದೇ ಇರಲಿಲ್ಲ: ಒಲೆಯ ಹೊಗೆ ಅಟ್ಟದ ಮರವನ್ನು ಒಣಗಿಸಿ ಹುಳ ಬರದಂತೆ ಕಾಯುತ್ತಿತ್ತು. ಅಡುಗೆ ನಿಂತಾಗಲೇ ಮಾಡಿನ ಆಯಸ್ಸೂ ಮುಗಿಯತೊಡಗಿತು. (ಇಂಥ ಮಾಡಿನ ಕೆಳಗೆ ಸುಮ್ಮನೆ ನಿಲ್ಲಬೇಡಿ. ಹಾವಿಗಿಂತ ತೊಲೆಗೆ ಹೆದರಿ.)

ನಡುಮನೆಯಲ್ಲಿ ಒಂದು ಅಡ್ಡಗೋಡೆ. ಅದರ ಕಲ್ಲುಗಳು ಹೊರಗೋಡೆಯ ಕಲ್ಲಿನೊಳಗೆ ಹಲ್ಲಿನಂತೆ ಹೆಣೆದುಕೊಂಡಿರಲಿಲ್ಲ, ಸುಮ್ಮನೆ ಒರಗಿಕೊಂಡಿದ್ದವು. ಎರಡರ ಮಧ್ಯೆ ನೆಟ್ಟಗಿನ ಬಿರುಕು. ಆಮೇಲೆ ಕಟ್ಟಿದ ಗೋಡೆಗೆ ಇದೇ ಗುರುತು. ಆಚೆ ಇನ್ನೊಂದು ಒಲೆ, ಇನ್ನೊಂದು ಬಚ್ಚಲು.

"ಹಿಸ್ಸೆ ಆದಾಗ ಕಟ್ಟಿದ್ದು. ನಾನಾಗ ನಾಲ್ಕನೇ ಕ್ಲಾಸು" ಅಂದರು ಅಪ್ಪ. ಅಜ್ಜ, ಚಿಕ್ಕಜ್ಜ ಮಾತು ಬಿಟ್ಟಿದ್ದರು. ಗೋಡೆ ಮಾತ್ರ ಅಟ್ಟದವರೆಗೆ ಹೋಗಿಲ್ಲ. ಅಳೆದರೆ ಏಳಡಿ ಅಷ್ಟೇ. ಎರಡೂ ಒಲೆಯ ಹೊಗೆ ಒಂದೇ ಅಟ್ಟಕ್ಕೆ ಹೋಗುತ್ತಿತ್ತು. ಅಪ್ಪ ಮತ್ತು ಚಿಕ್ಕಜ್ಜನ ಮಗ ಆ ಸಂದಿಯಲ್ಲೇ ಕಡುಬು ದಾಟಿಸುತ್ತಿದ್ದರಂತೆ. ಬಾಗಿಲ ಚೌಕಟ್ಟಿನ ಮೇಲೆ ಇಬ್ಬರ ಎತ್ತರದ ಇದ್ದಿಲ ಗೆರೆಗಳಿವೆ. ಒಂದು ಸಾಲು ಅಪ್ಪನ ಎದೆಮಟ್ಟಕ್ಕೇ ನಿಂತುಬಿಟ್ಟಿದೆ.

ರಿಪೇರಿ ಯಾಕೆ ಮಾಡಿಸಲಿಲ್ಲ ಅಂತ ಕೇಳಿದೆ. ಮನೆಯ ಖಾತೆ ಇನ್ನೂ ಜಂಟಿಯಂತೆ. ಯಾರು ಹಣ ಹಾಕಬೇಕು ಅನ್ನೋದು ತೀರ್ಮಾನ ಆಗುವಷ್ಟರಲ್ಲಿ ಮಾಡಿನ ಒಂದು ಮೂಲೆ ಕೂತಿತ್ತು.

ಆಚೆ ಅಡುಗೆಮನೆ ಬಾಗಿಲಿಗೆ ಬೀಗವಿದೆ. ಪಕ್ಕದ ಗೋಡೆ ಬಿದ್ದು ಆಳು ನುಗ್ಗುವಷ್ಟು ಜಾಗವೂ ಇದೆ. ನಾನು ಟೇಪು ಹಿಡಿದು ಹೊರಟೆ. "ಬೇಡ, ಕೇಳದೆ ಹೋಗಬಾರದು" ಅಂದ ಅಪ್ಪ ಜಗಲಿಗೆ ಬಂದು ತುಂಬಾ ಹೊತ್ತು ಫೋನು ಕೈಯಲ್ಲೇ ಹಿಡಿದಿದ್ದು, ಆಮೇಲೆ ಚಿಕ್ಕಪ್ಪನಿಗೆ ಹಚ್ಚಿದರು. ನನ್ನ ನಕ್ಷೆಯಲ್ಲಿ ಆ ಕೋಣೆ ಇನ್ನೂ ಖಾಲಿ ಇದೆ. ಚಿಕ್ಕಪ್ಪ ದೀಪಾವಳಿಗೆ ಬರ್ತೀನಿ ಅಂದಿದ್ದಾರೆ. ಕೀಲಿ ಅವರ ಹತ್ತಿರವೇ ಇದೆಯಂತೆ.