ಬಿಜಿಎಂ ಬರೆದವರು ಟ್ಯೂನ್ ಹಾಕಲು ಕೂತಾಗ

ಸಾಂಬ್ರಾ, ಸುಳೇಭಾವಿ, ಬೆಳಗಾವಿ ಸುತ್ತಿನ ಆರ್ಕೆಸ್ಟ್ರಾಗಳಿಗೆ ನೊಟೇಶನ್ ಬರೆದುಕೊಡುತ್ತ ಬಂದ ನನ್ನಂಥವರಿಗೆ ಸಿನಿಮಾ ಹಾಡಿನಲ್ಲಿ ಮೊದಲು ಕಿವಿಗೆ ಬೀಳುವುದು ಪಲ್ಲವಿ ಮುಗಿದು ಚರಣ ಶುರುವಾಗುವ ತನಕದ ಬಿಜಿಎಂ. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮೇಲೆ ಟ್ಯೂನ್ ಹೇಳಿ ಎದ್ದ ಮೇಲೆ ಅರೇಂಜರ್‌ನ ಕೆಲಸ. ವಯಲಿನ್‌ಗಳಿಗೆ ಎಷ್ಟು ಬಾರ್, ಕೊಳಲು ಎಲ್ಲಿ ಒಳಬರಬೇಕು, ಬೇಸ್ ಗಿಟಾರ್ ಯಾವ ಸ್ವರದ ಮೇಲೆ ನಿಲ್ಲಬೇಕು, ಗಾಯಕಿ ಉಸಿರು ತಗೊಳ್ಳುವಲ್ಲಿ ಯಾರು ಸುಮ್ಮನಿರಬೇಕು, ಇಷ್ಟನ್ನೂ ಬರೆದು ವಾದಕರ ಮುಂದಿಡುವವನು ಅವನೇ. ಹಾಡಿನ ಅರ್ಧ ಅವನದಾದರೆ ಅವನೇ ಯಾಕೆ ಸಂಗೀತ ನಿರ್ದೇಶಕನಾಗಬಾರದು? ಆಗಬಹುದು. ಆದರೆ ಈ ಕೆಲಸದಲ್ಲಿದ್ದು ನನಗೆ ಮನದಟ್ಟಾದದ್ದು ಇಷ್ಟು: ವಾದ್ಯ ಸಂಯೋಜನೆ ಹಾಡು ಮುಗಿಸುವುದನ್ನು ಕಲಿಸುತ್ತದೆ, ಶುರು ಮಾಡುವುದನ್ನು ಕಲಿಸುವುದಿಲ್ಲ. ಅದನ್ನು ಬೇರೆ ಕಡೆ ಕಲಿತವರಿಗೆ ಮಾತ್ರ ಈ ದಾಟು ಸಲೀಸಾಗಿದೆ.

ಕನ್ನಡಕ್ಕೆ ಅತಿ ಹತ್ತಿರದ ಉದಾಹರಣೆ ಇಳಯರಾಜ. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ದ ಜಿ.ಕೆ. ವೆಂಕಟೇಶ್ ಅವರ ಬಳಿ ಅವರು ಸಹಾಯಕರಾಗಿದ್ದರು. ವೆಂಕಟೇಶರು ಹಾಕಿದ ಟ್ಯೂನಿಗೆ ವಾದ್ಯಗಳನ್ನು ಹೊಂದಿಸುವುದು ಅವರ ಪಾಲಿನ ಕೆಲಸ. ಹೀಗೆ ದುಡಿದ ಚಿತ್ರಗಳು ಸುಮಾರು 200, ಹೆಚ್ಚಿನವು ಕನ್ನಡದವೇ ಎಂಬ ಲೆಕ್ಕ ಪ್ರಚಲಿತದಲ್ಲಿದೆ. 1976ರಲ್ಲಿ ಅವರೇ ಸಂಗೀತ ಕೊಟ್ಟ ತಮಿಳಿನ ‘ಅನ್ನಕ್ಕಿಳಿ’ ಬಂತು, ಮುಂದಿನದು ಎಲ್ಲರಿಗೂ ಗೊತ್ತು. ಸ್ಟುಡಿಯೋದ ಅನುಭವವೇ ಅವರನ್ನು ಬೆಳೆಸಿತು ಅನ್ನುವವರು ಅದಕ್ಕೂ ಹಿಂದಿನದನ್ನು ಮರೆಯುತ್ತಾರೆ. ಮದ್ರಾಸಿಗೆ ಬರುವ ಮುಂಚೆ ಅವರು ಅಣ್ಣ ಪಾವಲರ್ ವರದರಾಜನ್ ಅವರ ತಂಡದ ಜೊತೆ ಊರೂರು ತಿರುಗಿದ್ದರು. ಜನ ಎದ್ದು ಹೋಗದಂತೆ ಹಿಡಿದಿಡುವ ಟ್ಯೂನು ಅಲ್ಲೇ ಕೈಗೆ ಬಂದಿತ್ತು. ಪಾಶ್ಚಾತ್ಯ ನೊಟೇಶನ್ ಧನರಾಜ್ ಮಾಸ್ಟರ್ ಕಲಿಸಿದ್ದು, ವಾದ್ಯವೃಂದ ಪಳಗಿದ್ದು ವೆಂಕಟೇಶರ ಬಳಿ. ಈ ಸರದಿ ತಿರುವುಮುರುವು ಆಗಿದ್ದರೆ ನಮಗೊಬ್ಬ ಒಳ್ಳೆಯ ಅರೇಂಜರ್ ಸಿಗುತ್ತಿದ್ದರು, ಅಷ್ಟೇ ಎಂದು ನನ್ನ ಅನಿಸಿಕೆ.

ನಮ್ಮ ಗಡಿಯ ಕಡೆಯೂ ಇದಕ್ಕೆ ಪುರಾವೆ ಉಂಟು. ಕೊಲ್ಹಾಪುರದ ಗೋವಿಂದರಾವ್ ಟೆಂಬೆ ಹಾರ್ಮೋನಿಯಂ ಸಾಥ್ ಮಾಡುತ್ತಿದ್ದವರು. 1911ರ ‘ಮಾನಾಪಮಾನ’ ನಾಟಕಕ್ಕೆ ರಾಗ ಸಂಯೋಜಿಸಿ, 1932ರ ‘ಅಯೋಧ್ಯೇಚಾ ರಾಜಾ’ ಎಂಬ ಮರಾಠಿ ಟಾಕಿಗೂ ಸಂಗೀತ ಕೊಟ್ಟರು. ಭಾಸ್ಕರಬುವಾ ಬಖಲೆಯಂಥ ಗಾಯಕರ ಪಕ್ಕದಲ್ಲಿ ಕೂತು ಬಂದಿಶ್ ಹೇಗೆ ಎತ್ತಿಕೊಳ್ಳುತ್ತಾರೆಂದು ಕೇಳಿದ ಕಿವಿ ಅದು. ಚೋರ್ಲಾ ಘಾಟಿನ ಆಚೆ ಗೋವೆಯಿಂದ ಮುಂಬಯಿಗೆ ಹೋದವರ ಕಥೆ ಬೇರೆ. ಸೆಬಾಸ್ಟಿಯನ್ ಡಿಸೋಜಾ ಶಂಕರ್–ಜೈಕಿಶನ್ ಹಾಡುಗಳಿಗೆ ಆ ದೊಡ್ಡ ವಯಲಿನ್ ಸಾಲುಗಳನ್ನು ಬರೆದರು, ಆದರೆ ಜನ ಅವರನ್ನು ಸಂಗೀತ ನಿರ್ದೇಶಕರೆಂದು ಗುರುತಿಸಲಿಲ್ಲ. ಗೋವೆಯವರೇ ಆದ ಆಂಥೋನಿ ಗೊನ್ಸಾಲ್ವಿಸ್ ಬಳಿ ವಯಲಿನ್ ಕಲಿತ, ತಾವು ಗೋವೆಯವರಲ್ಲದ ಪ್ಯಾರೇಲಾಲ್ ಮಾತ್ರ ಲಕ್ಷ್ಮೀಕಾಂತ್ ಜೊತೆಗೂಡಿ 1963ರ ‘ಪಾರಸ್‌ಮಣಿ’ಯಿಂದ ಈಚೆ ದಡ ಸೇರಿದರು. ಗೋವೆಯವರಿಗೆ ಪ್ರತಿಭೆ ಕಡಿಮೆ ಇತ್ತು ಅನ್ನಲು ಬಾಯಿ ಬರುವುದಿಲ್ಲ. ಅವರ ಕಲಿಕೆ ಚರ್ಚಿನ ಸಂಗೀತ ಶಾಲೆ ಮತ್ತು ಬ್ಯಾಂಡಿನದು, ಸಿನಿಮಾ ಕೇಳುತ್ತಿದ್ದ ಟ್ಯೂನು ಹಿಂದಿಯ ಮಾತಿನ ಲಯದ್ದು. ಜೊತೆಗೆ ಭಾಷೆ, ನಿರ್ಮಾಪಕರ ಪರಿಚಯ, ಇವೂ ಅಡ್ಡ ಬಂದಿರಬೇಕು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಈಗ ಕಂಪ್ಯೂಟರಿನ ಮುಂದೆ ಕೂತ ಒಬ್ಬನೇ ಟ್ಯೂನು, ರಿದಮ್, ಬಿಜಿಎಂ ಎಲ್ಲ ಮಾಡುವಾಗ ಈ ವಿಂಗಡಣೆ ಯಾಕೆ ಬೇಕು? ಕೀಬೋರ್ಡ್ ನುಡಿಸುತ್ತಿದ್ದ ಎ.ಆರ್. ರೆಹಮಾನ್ 1992ರಲ್ಲಿ ‘ರೋಜಾ’ದಿಂದ, ನಮ್ಮ ವಿ. ಹರಿಕೃಷ್ಣ 2006ರಲ್ಲಿ ‘ಜೊತೆ ಜೊತೆಯಲಿ’ಯಿಂದ ಮುಂದೆ ಬಂದರಲ್ಲ? ಮಾತು ಸರಿ, ಗೋಡೆ ತೆಳುವಾಗಿದೆ. ಆದರೆ ಸೌಂಡ್ ಆರಿಸುವುದು ಸುಲಭವಾದಷ್ಟೂ ಟ್ಯೂನು ತಪ್ಪಿಸಿಕೊಳ್ಳುವುದೂ ಸುಲಭವಾಗಿದೆ. ಎಂಟು ಬಾರ್ ಲೂಪ್ ಹಾಕಿ, ಮೇಲೆ ಪ್ಯಾಡ್ ಹಚ್ಚಿ, ಹಾಡು ಆಯಿತೆಂದು ಭ್ರಮಿಸುವ ಕೆಲಸ ಬೇಕಾದಷ್ಟು ಕೇಳಿದ್ದೇನೆ. ಲೂಪ್ ನಿಲ್ಲಿಸಿ ಬರೀ ತಂಬೂರಿ ಶ್ರುತಿಗೆ ಹಾಡಿಸಿದರೆ ಉಳಿಯುವುದೇನೂ ಇರುವುದಿಲ್ಲ. ಹಂಸಲೇಖ ಹಾಗಲ್ಲ, ಹಾಡು ಬರೆಯುವವರಾಗಿದ್ದು ಸಂಗೀತಕ್ಕೆ ಬಂದವರು. 1987ರ ‘ಪ್ರೇಮಲೋಕ’ದಲ್ಲಿ ಕೀಬೋರ್ಡ್, ಡ್ರಮ್ ಎಷ್ಟೇ ಮೆರೆದರೂ ಆ ಹಾಡುಗಳನ್ನು ವಾದ್ಯವಿಲ್ಲದೆ ಗುನುಗಬಹುದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಅರೇಂಜರ್ ಆಗಿಯೇ ಉಳಿದರೆ ಹೆಸರೂ ಇಲ್ಲ, ದುಡ್ಡೂ ಇಲ್ಲ, ಹೊರಗೆ ಬರದೆ ಮಾಡುವುದೇನು? ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಬೆಳಗಾವಿಯ ರಾಮಭಾವು ಬಿಜಾಪುರೆ (1917–2010) ಬಾಳೆಲ್ಲ ಹಾರ್ಮೋನಿಯಂ ಸಾಥ್ ಮಾಡಿ, ಸೋಲೋ ನುಡಿಸಿ, ಶಿಷ್ಯರನ್ನು ತಯಾರು ಮಾಡಿದರು. ಅವರನ್ನು ಇಲ್ಲಿ ಯಾರೂ ಎರಡನೆಯ ಸಾಲಿನವರೆಂದು ಎಣಿಸಲಿಲ್ಲ. ಬೈಠಕ್ ಕೊಡುವ ಆ ಮರ್ಯಾದೆಯನ್ನು ಸಿನಿಮಾ ಕೊಡುವುದಿಲ್ಲ. ಟ್ಯೂನು ಒಳಗಿಲ್ಲದವರೂ ಹೆಸರಿಗಾಗಿ ಸಂಗೀತ ನಿರ್ದೇಶನಕ್ಕೆ ಇಳಿಯುವುದು ಆ ಕಾರಣಕ್ಕೇ. ನಿರ್ಮಾಪಕರಲ್ಲಿ ನನ್ನ ಕೋರಿಕೆ ಸಣ್ಣದು: ಟೈಟಲ್ ಕಾರ್ಡಿನಲ್ಲಿ ಸಂಗೀತ ನಿರ್ದೇಶಕರ ಹೆಸರಿನ ಕೆಳಗೇ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ, ವಾದ್ಯ ಸಂಯೋಜಕರ ಹೆಸರು ಹಾಕಿ.